ನಲವತ್ತೆರಡರ ತೊಟ್ಟಿ

“ನೋಡ್ರೋ, ಬೆರ್ಗುರ್ ನಂಗೆ ಕಣ್ಣು ಹೊಡೀತಿದಾನೆ!” ಎಂದು ಹುಲ್ಡಾ ಕೂಗಿದಾಗ ಬಿಸಿನೀರಿನ ತೊಟ್ಟಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಬೇಕರಿಯ ಹುಲ್ಡಾಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಅವಳ ನಾಲಿಗೆ ಇನ್ನಷ್ಟು ಚುರುಕಾಗಿದೆ.

“ನಿಂಗ್ಯಾಕೆ ಹೊಡೀಲಿ? ಹೊಡೆದ್ರೆ ಫಲ ಸಿಗೋ ಕಡೆ ಹೊಡೀತೀನಿ” ಎಂದ ಬೆರ್ಗುರ್. ಮಾತು ಮುಗಿದರೂ ಅವನ ಎಡಗಣ್ಣಿನ ರೆಪ್ಪೆ ಅರ್ಧ ಇಳಿದದ್ದು ಇಳಿದೇ ಇತ್ತು.

ಉತ್ತರ ಐಸ್‌ಲ್ಯಾಂಡಿನ ನಮ್ಮ ಬಂದರು ಊರಿನ ಈಜುಕೊಳದ ಪಕ್ಕದಲ್ಲಿ ಎರಡು ತೊಟ್ಟಿಗಳಿವೆ. ಮೂವತ್ತೆಂಟು ಡಿಗ್ರಿಯದು ಮಕ್ಕಳಿಗೆ, ನಲವತ್ತೆರಡು ಡಿಗ್ರಿಯದು ಮನುಷ್ಯರಿಗೆ. ಇದು ಬೆರ್ಗುರ್ ಮಾಡಿದ ವಿಂಗಡಣೆ. ನಲವತ್ತು ವರ್ಷ ದೊಡ್ಡ ಮೀನುದೋಣಿಯ ನಾಯಕನಾಗಿದ್ದವನು ಅವನು. ತೊಟ್ಟಿಯ ಮೂಲೆಯ ಜಾಗ ಅವನದು. ಎಲ್ಲರ ಬೆನ್ನಿಗೆ ನೀರಿನ ಧಾರೆ ಬಿಡುವ ಬಟನ್ ಇರುವುದು ಅಲ್ಲೇ. ಅವನು ಕಡಲಿಗೆ ಹೋದ ದಿನವೂ ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಒಮ್ಮೆ ಆಸ್ಪತ್ರೆಯ ಸ್ಟೇನ್‌ವೋರ್ ಆ ಬಟನ್ನಿಗೆ ಕೈಚಾಚಿದ್ದಳು. “ಆಸ್ಪತ್ರೇಲಿ ದಿನವಿಡೀ ಒತ್ತೋದು ಸಾಲ್ದಾ? ಇದನ್ನಾದ್ರೂ ನಂಗೆ ಬಿಡಮ್ಮ” ಎಂದಿದ್ದ ಬೆರ್ಗುರ್. ಅಂದಿನಿಂದ ಅವಳು ಊರಿಗೆಲ್ಲ ‘ಬಟನ್ ಒತ್ತೋಳು’. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವಳಿಗೆ ಆ ಹೆಸರು ಕೇಳಿದಾಗಲೆಲ್ಲ ಉರಿಯುತ್ತಿತ್ತು, ಆದರೆ ನಗುತ್ತಿದ್ದಳು.

ಅವತ್ತು ಮಾತ್ರ ಅವಳು ನಗಲಿಲ್ಲ. ನೀರಿನಲ್ಲೇ ಸರಿದು ಬಂದು ಅವನ ಮುಖದ ಹತ್ತಿರ ಮುಖ ತಂದಳು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಎರಡರಷ್ಟು ಅಗಲವಾಗಿತ್ತು.

“ತಲೆ ನೋಯ್ತಿದೆಯಾ?”

“ಬುಧವಾರದಿಂದ ಸ್ವಲ್ಪ. ಕಣ್ಣಿನ ಹಿಂದೆ.”

“ಏಳು. ಆಸ್ಪತ್ರೆಗೆ ನಡಿ.”

“ನಾಳೆ ಬಲೆ ಹಾಕ್ಬೇಕು. ವಾರ ಬಿಟ್ಟು ಬರ್ತೀನಿ.” ಮಾರ್ಚಿನಲ್ಲಿ ಅವನೊಬ್ಬನೇ ತನ್ನ ಸಣ್ಣ ದೋಣಿಯಲ್ಲಿ, ಮೊಟ್ಟೆಗಾಗಿ ಹಿಡಿಯುವ ಮೀನಿನ ಬೇಟೆಗೆ ಹೋಗುತ್ತಾನೆ. ಆ ಕೆಲವು ವಾರಗಳಿಗಾಗಿಯೇ ಅವನು ವರ್ಷವಿಡೀ ಕಾಯುವುದು.

ಹುಲ್ಡಾ ಮೆಲ್ಲಗೆ ಎದ್ದು ಹೋದಳು. ಬೆರ್ಗುರ್ ಬಟ್ಟೆ ಹಾಕಿಕೊಂಡು ಬಾಗಿಲಿಗೆ ಬಂದರೆ ಬೂಟುಗಳೇ ಇಲ್ಲ. “ನಿನ್ನ ಬೂಟು ನನ್ನ ಕಾರಲ್ಲಿದೆ. ಕಾರು ಆಸ್ಪತ್ರೆಗೆ ಹೋಗ್ತಿದೆ. ಬೇಡ ಅಂದ್ರೆ ಬರಿಗಾಲಲ್ಲಿ ಹಿಮ ತುಳ್ಕೊಂಡು ಮನೆಗೆ ಹೋಗು” ಎಂದಳು ಹುಲ್ಡಾ.

ಆಸ್ಪತ್ರೆಯಲ್ಲಿ ಕ್ಯಾರ್ಟಾನ್ ಎಂಬ ಹುಡುಗ ಡಾಕ್ಟರು ಇದ್ದ. ದಕ್ಷಿಣದಿಂದ ಬಂದು ಎರಡೇ ವಾರವಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದ, ತಲೆಯ ಸಾದಾ ಸ್ಕ್ಯಾನಿಗೆ ಬರೆದುಕೊಟ್ಟ. ಸ್ಟೇನ್‌ವೋರ್ ಸ್ಕ್ಯಾನ್ ತೆಗೆದಳು. ರಾಜಧಾನಿಯ ತಜ್ಞರು ಅಲ್ಲಿಂದಲೇ ನೋಡಿ, ತಲೆಯೊಳಗೆ ರಕ್ತ ಸೋರಿಲ್ಲ ಎಂದು ಬರೆದು ಕಳಿಸಿದರು.

“ಸದ್ಯ, ಏನೂ ಇಲ್ಲ” ಎಂದ ಕ್ಯಾರ್ಟಾನ್. “ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದ್ರಲ್ಲಿ ಕಣ್ಣಿನ ನರ ಹೀಗೆ ಸೋಲೋದುಂಟು. ಮನೆಗೆ ಕಳಿಸ್ತೀನಿ.”

“ಸಕ್ಕರೆಯಿಂದಾದ್ರೆ ಪಾಪೆ ಸಾಮಾನ್ಯವಾಗಿ ಹಾಗೆ ಅಗಲ ಆಗಲ್ಲ ಅಲ್ವಾ?” ಎಂದಳು ಸ್ಟೇನ್‌ವೋರ್.

“ಅದು ಹಳೇದಂತೆ. ದೋಣೀಲಿ ಹಗ್ಗ ಬಡಿದು ಆ ಪಾಪೆ ಆವಾಗಿಂದ್ಲೂ ಹಾಗೇ ಇದೆಯಂತೆ. ಅವರೇ ಹೇಳಿದ್ರು.”

ಡಾಕ್ಟರ ತೀರ್ಮಾನದ ಮೇಲೆ ಮಾತಾಡುವುದು ಅವಳ ಕೆಲಸವಲ್ಲ. ತಪ್ಪಾದರೆ ನಾಳೆಯಿಂದ ತೊಟ್ಟಿಯಲ್ಲೂ ಆಸ್ಪತ್ರೆಯಲ್ಲೂ ತಲೆ ಎತ್ತುವಂತಿಲ್ಲ. ಸುಮ್ಮನಿದ್ದರೆ, ನಾಳೆ ಬೆರ್ಗುರ್ ಒಬ್ಬನೇ ಕಡಲಿನಲ್ಲಿರುತ್ತಾನೆ. ರಕ್ತ ತೆಗೆಯುವಾಗ ಅವನ ತೋಳಿಗೆ ಹಾಕಿದ್ದ ದಪ್ಪ ಸೂಜಿಯನ್ನು ಅವಳು ಇನ್ನೂ ತೆಗೆದಿರಲಿಲ್ಲ. ಮನಸ್ಸಿನಲ್ಲಿ ಅನುಮಾನವಿತ್ತು.

ಅವಳು ಡಾಕ್ಟರನ್ನೂ ಕರೆದುಕೊಂಡು ಬೆರ್ಗುರ್ ಮುಂದೆ ಹೋಗಿ ನಿಂತಳು. ಅವನು ಆಗಲೇ ಬೂಟು ಹಾಕುತ್ತಿದ್ದ.

“ಹಗ್ಗ ಬಡಿದದ್ದು ಯಾವ ಕಣ್ಣಿಗೆ?”

ಬೆರ್ಗುರ್ ಬೂಟಿನ ದಾರ ನೋಡಿದ.

ಅವಳು ಅವನ ಬಲಹುಬ್ಬಿನ ಕೂದಲು ಸರಿಸಿದಳು. ಕೆಳಗೆ ಬಿಳಿ ಗಾಯದ ಗೆರೆ. “ಪೆಟ್ಟು ಬಿದ್ದದ್ದು ಬಲಗಡೆ. ಸೋತಿರೋದು ಎಡಗಡೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ನಿನ್ನ ಎದುರು ಕೂತಿದೀನಿ. ನಿನ್ನ ಪಾಪೆ ಹೇಗಿತ್ತು ಅಂತ ನಂಗೇ ಸುಳ್ಳು ಹೇಳ್ತೀಯಾ?”

“ನಾಳೆ ಬಲೆ ಹಾಕೋ ದಿನ ಕಣೇ” ಎಂದ ಬೆರ್ಗುರ್. ಅವನ ದನಿ ತಗ್ಗಿತ್ತು.

ಕ್ಯಾರ್ಟಾನ್ ಕಿವಿಯವರೆಗೂ ಕೆಂಪಾದ. ಆದರೆ ಒಳ್ಳೆಯ ಹುಡುಗ. ವಾದಕ್ಕೆ ನಿಲ್ಲಲಿಲ್ಲ, ಟಾರ್ಚ್ ತೆಗೆದು ಎರಡೂ ಕಣ್ಣಿಗೆ ಮತ್ತೆ ಬೆಳಕು ಬಿಟ್ಟ. ಎಡಪಾಪೆ ಕದಲಲಿಲ್ಲ. “ರಕ್ತನಾಳಗಳನ್ನ ನೋಡ್ಲೇಬೇಕು. ನಾಳಗಳು ಎದ್ದು ಕಾಣೋ ಔಷಧಿ ಕೊಟ್ಟು ಸಿಟಿ ಆಂಜಿಯೋ ಮಾಡೋಣ. ಕಿಡ್ನಿ ಅದನ್ನ ತಡ್ಕೊಳ್ಳುತ್ತಾ?” ಎಂದ.

“ಬೆಳಗಿನ ರಕ್ತದ ವರದಿ ನೋಡಿದೀನಿ. ತಡ್ಕೊಳ್ಳುತ್ತೆ.”

ಬೆರ್ಗುರ್ ಮತ್ತೆ ಯಂತ್ರದ ಮಂಚದ ಮೇಲೆ ಮಲಗಿದ. ಸ್ಟೇನ್‌ವೋರ್ ಸೂಜಿಗೆ ಕೊಳವೆ ಜೋಡಿಸುತ್ತ, ಎಲ್ಲ ರೋಗಿಗಳಿಗೂ ಹೇಳುವುದನ್ನೇ ಹೇಳಿದಳು: “ಈಗ ಔಷಧಿ ಒಳಗೆ ಹೋಗುತ್ತೆ. ನಲವತ್ತೆರಡರ ತೊಟ್ಟಿಗೆ ಇಳಿದ ಹಾಗಾಗುತ್ತೆ. ಉಚ್ಚೆ ಹೊಯ್ಕೊಂಡೆ ಅನ್ಸುತ್ತೆ, ಹೊಯ್ಕೊಂಡಿರಲ್ಲ. ಅಲ್ಲಾಡ್ಬೇಡ, ನುಂಗ್ಬೇಡ.”

“ತೊಟ್ಟೀಲಿ ನಾನು ಯಾವತ್ತೂ ಹೊಯ್ದಿಲ್ಲ.”

“ಅದನ್ನ ಪಕ್ಕದಲ್ಲಿ ಕೂರೋ ಹುಲ್ಡಾ ಹೇಳ್ಬೇಕು.”

ಗಾಜಿನ ಆಚೆ ಬಂದು ಅವಳು ಪರದೆಯ ಮುಂದೆ ಕುಳಿತಳು. ಕೊರಳಿನ ನಾಳ ಬೂದು ಚುಕ್ಕೆಯಾಗಿ ಕಾಣುತ್ತಿತ್ತು. ಔಷಧಿ ಅಲ್ಲಿಗೆ ಬಂದಾಗ ಅದು ಬೆಳಗುತ್ತದೆ. ಅದಕ್ಕೆ ಮುಂಚೆ ಸ್ಕ್ಯಾನಿನ ಬಟನ್ ಒತ್ತಿದರೆ ನಾಳಗಳು ಖಾಲಿ. ತಡವಾಗಿ ಒತ್ತಿದರೆ ಹಿಂದಿರುಗುವ ರಕ್ತವೂ ಬೆಳಗಿ ಎಲ್ಲ ಕಲಸುಮೇಲೋಗರ. ಬಟನ್ ಯಾರು ಬೇಕಾದರೂ ಒತ್ತಬಹುದು. ಯಾವಾಗ ಎಂಬುದಕ್ಕೆ ಅವಳು ಇಪ್ಪತ್ತಾರು ವರ್ಷ ಕೊಟ್ಟಿದ್ದಳು. ಚುಕ್ಕೆ ಬೆಳ್ಳಗಾಗತೊಡಗಿತು. ಅವಳು ಒತ್ತಿದಳು.

ಮೆದುಳಿನ ರಕ್ತನಾಳಗಳೆಲ್ಲ ಪರದೆಯ ಮೇಲೆ ಕವಲು ಕವಲಾಗಿ ಮೂಡಿದವು, ಒಂದೂ ಮಸುಕಿಲ್ಲದೆ. ಎಡಗಡೆ, ಎರಡು ನಾಳಗಳು ಕೂಡುವಲ್ಲಿ ಬಟಾಣಿ ಕಾಳಿನಷ್ಟು ಗುಳ್ಳೆ ಊದಿಕೊಂಡಿತ್ತು. ಅದೇ ಕಣ್ಣಿನ ನರವನ್ನು ಒತ್ತುತ್ತಿತ್ತು. ಒಡೆದರೆ ಆಸ್ಪತ್ರೆ ತಲುಪುವವರೆಗೂ ಅವನು ಉಳಿಯುವ ಭರವಸೆಯಿಲ್ಲ. ಇನ್ನೂ ಒಡೆದಿರಲಿಲ್ಲ.

“ಅಬ್ಬಾ, ಎಷ್ಟು ಚೊಕ್ಕವಾಗಿ ಬಂದಿದೆ” ಎಂದು ಕ್ಯಾರ್ಟಾನ್ ಉಸುರಿ, ರಾಜಧಾನಿಗೆ ಫೋನ್ ಮಾಡಲು ಓಡಿದ.

ಸ್ಟೇನ್‌ವೋರ್‌ಗೆ ಹೆಮ್ಮೆಯಾಯಿತು. ನಮ್ಮ ಕಡೆ ಹೆಮ್ಮೆಯನ್ನು ಬಾಯಿಬಿಟ್ಟು ಹೇಳುವವರಿಲ್ಲ, ಅವಳೂ ಹೇಳಲಿಲ್ಲ. ಆದರೆ ಎದೆ ತುಂಬಿ ಬಂದದ್ದು ಸುಳ್ಳಲ್ಲ. ರಾಜಧಾನಿಗೆ ಒಯ್ಯುವ ವಿಮಾನ ಬರುವ ಮೊದಲು ಬೆರ್ಗುರ್ ಚಿತ್ರ ನೋಡಬೇಕೆಂದು ಹಟ ಹಿಡಿದ. ತೋರಿಸಿದಳು. ಅವನು ಸರಿಯಿದ್ದ ಕಣ್ಣಿನಿಂದ ತುಂಬ ಹೊತ್ತು ನೋಡಿದ.

“ನಲವತ್ತು ವರ್ಷ ದೋಣಿಯ ಪರದೇಲಿ ಮೀನು ಹುಡುಕಿ ಹಿಡಿದವನು ನಾನು. ಇಂಥದ್ದು ನಂಗೂ ಕಾಣ್ತಿರಲಿಲ್ಲ” ಎಂದ.

ರಾಜಧಾನಿಯಲ್ಲಿ ಅವನ ತಲೆಬುರುಡೆ ತೆರೆದು ಆ ಗುಳ್ಳೆಯ ಬುಡಕ್ಕೆ ಸಣ್ಣ ಕ್ಲಿಪ್ ಹಾಕಿದರು. ಎರಡು ತಿಂಗಳಾದ ಮೇಲೆ, ಮೇ ತಿಂಗಳ ಒಂದು ಬೆಳಿಗ್ಗೆ ಅವನು ಈಜುಕೊಳಕ್ಕೆ ಬಂದ. ತಲೆಯ ಒಂದು ಕಡೆ ಕೂದಲು ಈಗಷ್ಟೇ ಚಿಗುರುತ್ತಿತ್ತು. ರೆಪ್ಪೆ ಮುಕ್ಕಾಲು ಎದ್ದಿತ್ತು. ತೀರಾ ಬಿಸಿನೀರು ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಮೂವತ್ತೆಂಟಕ್ಕೆ ಇಳಿದ. ಎರಡು ಕೂಸುಗಳೂ ಒಂದು ಪ್ಲಾಸ್ಟಿಕ್ ಬಾತುಕೋಳಿಯೂ ಅವನಿಗೆ ಜಾಗ ಬಿಟ್ಟವು.

“ಮನುಷ್ಯರ ತೊಟ್ಟಿ ಇಲ್ಲಿದೆ ಬೆರ್ಗುರ್!” ಎಂದು ಹುಲ್ಡಾ ಕೂಗಿದಳು.

“ನಿನ್ನ ಕಾಟ ತಪ್ಪಿದ್ದಕ್ಕೆ ಡಾಕ್ಟರಿಗೆ ಮೀನು ಕಳಿಸ್ತೀನಿ” ಎಂದ ಅವನು. ಅಷ್ಟರಲ್ಲಿ ಸ್ಟೇನ್‌ವೋರ್ ಬಂದು ನಲವತ್ತೆರಡಕ್ಕೆ ಇಳಿದು, ಎಂದಿನಂತೆ ಮೆಟ್ಟಿಲ ಪಕ್ಕ ಕುಳಿತಳು. ಮೂಲೆ ಖಾಲಿಯಿತ್ತು. ಎರಡು ತಿಂಗಳು ಯಾರೂ ಅಲ್ಲಿ ಕೂತಿರಲಿಲ್ಲ.

“ಅಲ್ಲಲ್ಲ” ಎಂದ ಬೆರ್ಗುರ್ ಆಚೆಯಿಂದ, ಎಲ್ಲರಿಗೂ ಕೇಳುವ ಹಾಗೆ. “ಮೂಲೇಲಿ ಕೂತ್ಕೊ.”

ಹುಲ್ಡಾ ಕಾಲು ಮಡಚಿ ದಾರಿ ಬಿಟ್ಟಳು, ಉಳಿದವರೂ ಸರಿದರು. ಸ್ಟೇನ್‌ವೋರ್ ಹೋಗಿ ಮೂಲೆಯಲ್ಲಿ ಕುಳಿತು ಬಟನ್ ಮೇಲೆ ಬೆರಳಿಟ್ಟಳು. ಹುಲ್ಡಾ ಮತ್ತೆ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು ಸರಿಯಾಗಿ ಕೂರುವವರೆಗೂ ಸ್ಟೇನ್‌ವೋರ್ ಕಾದಳು. ಆಮೇಲೆ ಒತ್ತಿದಳು.