ಕಳಕವ್ವನ ಕೊರಳು

ಕೊರಳಿಗೆ ಏನೋ ತಣ್ಣಗೆ, ಲೋಳೆಲೋಳೆಯಾಗಿ ಹತ್ತಿತು, ಅಯ್ಯ ಶಿವನೇ ಎನ್ನೋಣವೆಂದರೆ ಬಾಯಿ ಬಿಡುವಂತಿಲ್ಲ, ಬಾಯಿಯಲ್ಲಿ ತಾಳಿಯಿದೆ — ತಗದಿಡಬೇ ಯವ್ವಾ, ಸ್ಕ್ಯಾನಿಗೆ ಅಡ್ಡ ಬರತೈತಿ ಎಂದು ನರ್ಸ್ ಸೈರಾಬಾನು ಎಷ್ಟು ಹೇಳಿದರೂ ಕಳಕವ್ವ ಕೇಳಲಿಲ್ಲ, ಗಂಡ ಇದ್ದಾಕಿ ಹ್ಯಾಂಗ ತಗೀಲಿ ಎಂದು ಜಗಳ ತೆಗೆದು, ಕೊನೆಗೆ ಸರವನ್ನು ಗದ್ದದ ಮೇಲಕ್ಕೆ ಎಳೆದು ಹಲ್ಲಲ್ಲಿ ಕಚ್ಚಿಕೊಂಡು ಮಲಗಿದಳು, ಹಟಮಾರಿ ಅಂದರೆ ಹಟಮಾರಿ. ಗಂಡ ಇದ್ದಾಕಿ, ಹೌದು, ಎಲ್ಲಿದ್ದಾನೋ ಅಷ್ಟು ಮಾತ್ರ ಗೊತ್ತಿಲ್ಲ, ಹೆಸರು ಲಕ್ಷ್ಮಪ್ಪ, ಮನಸ್ಸಿನಲ್ಲೂ ಆ ಹೆಸರು ಎತ್ತಲಾರಳು, ಇಚಲಕರಂಜಿಯ ಪವರ್‌ಲೂಮಿಗೆಂದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ ಹೋದವನು, ಮೊದಮೊದಲು ಯುಗಾದಿಗೆ ಬಂದ, ಆಮೇಲೆ ಯುಗಾದಿಯಷ್ಟೇ ಬಂತು, ಈಗ ಊರೆಲ್ಲರ ಕೈಯಲ್ಲೂ ಮೊಬೈಲು, ಅವನದೊಂದು ನಂಬರಿಲ್ಲ — ಮನೆಯಲ್ಲಿ ಅವನ ಕಾಲಿನ ಉದ್ದಕ್ಕೆ ತೋಡಿದ ಮಗ್ಗದ ಕುಣಿ, ಈಗ ಅವಳು ಇಳಿದು ಕೂತರೆ ಕಾಲು ತುಳಿಹಲಗೆಗೆ ನಿಲುಕುವುದಿಲ್ಲ, ಅಲ್ಲೇ ಅವನು ಕೂತು ನೇಯುವಾಗ ಬೆನ್ನಿನ ಮೇಲೆ ಬೆವರು ಹೇಗೆ ಹರಿಯುತ್ತಿತ್ತು, ಸೆರಗಿನಿಂದ ಒರೆಸಿದರೆ ಬಿಡ, ಯಾರರ ನೋಡ್ಯಾರು ಎನ್ನುತ್ತಾನೆ, ಎನ್ನುತ್ತಿದ್ದ, ಬೆನ್ನನ್ನು ಮಾತ್ರ ಆಚೆ ಸರಿಸುತ್ತಿರಲಿಲ್ಲ. ಅಲ್ಲಾಡಬ್ಯಾಡ್ರಿ, ಡಾಕ್ಟರ್ ಭುವನೇಶ್ವರಿ ಹೇಳುತ್ತಾಳೆ, ಕಿಡ್ನಿ ಕೆಟ್ಟವರಿಗೆ ರಕ್ತನಾಳದ ಗೋಡಿ ಲಗೂನ ದಪ್ಪ ಆಗತೈತ್ರಿ, ಎದಿ ನೋಯೂಕಿಂತ ಮೊದಲ ಕೊರಳಾಗ ಕಾಣತೈತಿ, ಮುಂದ ಬರೂದು ಈಗ ಗೊತ್ತಾಗತೈತಿ — ಮುಂದಿನದು ಹೇಳುವ ಯಂತ್ರವಂತೆ, ಅವನು ಬಸ್ಸು ಹತ್ತುವ ಮೊದಲು ಅವನ ಕೊರಳಿಗೇ ಹಚ್ಚಿ ನೋಡಬೇಕಿತ್ತು, ಆ ಕೊರಳನ್ನು ಒಮ್ಮೆ, ಒಂದೇ ಒಂದು ಸಲ ಮುಟ್ಟಬೇಕು, ಕಿಡ್ನಿ ಕೆಟ್ಟು ಅವಳ ಕಾಲು ಬಾತಿತು, ಮುಖ ಬಾತಿತು, ಉಪ್ಪು ಬಂದ್ ಎಂದರು ದವಾಖಾನಿಯವರು, ಸಪ್ಪನೆ ರೊಟ್ಟಿ, ಸಪ್ಪನೆ ಬ್ಯಾಳಿ, ಅದನ್ನೂ ನುಂಗಿದಳು, ಸಾಯುವ ಹೆದರಿಕೆಗಲ್ಲ, ಅವನು ಬಂದ ದಿನ ಬಾಗಿಲು ತೆಗೆಯಲು ತಾನಿರಬೇಕು, ಇನ್ನ ಎಷ್ಟ ದಿನ ಇರತೀನವ್ವಾ ಎಂದು ಕೇಳಬೇಕು, ಬಾಯಿ ಬಿಡುವಂತಿಲ್ಲ. ಗೋಡಿ ಸ್ವಲ್ಪ ದಪ್ಪ ಆಗೈತ್ರಿ, ಆದ್ರ ಲಗೂ ಸಿಕ್ಕೈತಿ, ದಿನಾ ಗುಳಿಗಿ ತಗೊಂಡು ಬಿಪಿ ಹಿಡಿತದಾಗ ಇಟ್ಕೊಂಡ್ರ ಭಾಳ ವರ್ಷ ಇರತೀರಿ — ಭಾಳ ವರ್ಷ, ಅಷ್ಟೂ ವರ್ಷ ಬಾಗಿಲು ನೋಡುತ್ತಲೇ ಕೂಡಬೇಕೇ, ಖುಷಿಪಡಬೇಕಾದ ಮಾತಿಗೆ ಕಣ್ಣು ಯಾಕೆ ತುಂಬಬೇಕು, ಮುಗೀತ್ರಿ, ಏಳ್ರಿ, ಗುಳಿಗಿ ವಿಷಯ ಯಾರಿಗೆ ಹೇಳ್ಲಿ, ಯಜಮಾನ್ರು ಬಂದಾರೇನ್ರಿ, ಯವ್ವಾ, ಬಾಯಿ ಬಿಡಬೇ, ಎನ್ನುತ್ತಾಳೆ ಸೈರಾಬಾನು — ಬಿಡಬೇಕು, ಹೇಳಬೇಕು, ಆದರೆ ನಾಲಗೆಗೆ ಏನೋ ತಾಗುತ್ತಿದೆ, ಎಷ್ಟೋ ತಿಂಗಳಿಂದ ತಾಗದಿದ್ದದ್ದು, ಕರಿಮಣಿಯ ಸಂದಿಯಲ್ಲಿ ಒಣಗಿ ಕೂತ ಬೆವರು, ಹಲ್ಲು ಇನ್ನಷ್ಟು ಬಿಗಿಯುತ್ತದೆ, ಅವನ ಬೆನ್ನು, ಉಪ್ಪು, ಅವನ ಬೆನ್ನು, ಉಪ್ಪು —