ಎಲೆಯಲ್ಲಿ ಕತ್ತರಿಸಿದ ಸರ್ಕಾರ

ಕಚಕ್. ತುಸು ಹೊತ್ತು ಬಿಟ್ಟು ಮತ್ತೆ ಕಚಕ್. ಮಂಗಳೂರಿನ ಜೆಪ್ಪುವಿನ ಆ ಓಣಿಯಲ್ಲಿ ನಡುರಾತ್ರಿ ಕೇಳುತ್ತಿದ್ದುದು ಹವ್ವಮ್ಮನ ಕತ್ತರಿಯ ಸದ್ದೊಂದೇ. ಬೀಡಿ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು, ಬೆರಳಿನಿಂದ ಅಂಚು ತಡವಿ, ಕತ್ತಲೆಯಲ್ಲೇ ಕತ್ತರಿಸುತ್ತಿದ್ದಳು. ಹೊಸ ಬಜೆಟ್ಟಿನಲ್ಲಿ ಚಿಮಿಣಿ ಎಣ್ಣೆಯ ತೆರಿಗೆ ಏರಿದ ಮೇಲೆ ಅವಳ ಮನೆಯ ದೀಪ ಉಣ್ಣುವ ಹೊತ್ತಿಗೆ ಮಾತ್ರ ಉರಿಯುತ್ತಿತ್ತು.

"ಆ ಸರ್ಕಾರದವನಿಗೆ ಚಿಮಿಣಿ ಎಣ್ಣೆ ಕುಡಿಯುವ ಚಟ ಉಂಟೋ ಎಂತದೋ," ಅತ್ತೆ ಬೀಫಾತಿಮ್ಮ ಚಾಪೆಯಲ್ಲಿ ಹೊರಳಿ ಗೊಣಗಿದಳು. "ಅವನ ಬಾಯಿಗೆ ಬೆಂಕಿ ಬೀಳ್ಲಿ."

"ಮಲಗಿ ಮಾಮಿ. ಕುಡಿದವನಿಗೆ ನಿದ್ದೆ ಬಂದಿರ್ತದೆ, ನಿಮಗೇ ಇಲ್ಲ."

ಮುದುಕಿ ನಿದ್ದೆಹೋದಳು. ಹವ್ವಮ್ಮನಿಗೆ ಒಳಗೊಳಗೇ ನಗು. ಒಡೆದ ಹೆಂಚಿನ ಸಂದಿಯಿಂದ ಬಿದ್ದ ಬೆಳದಿಂಗಳಿಗೆ ಅಗಲದ ಎಲೆಯೊಂದನ್ನು ಹಿಡಿದು, ಅಚ್ಚಿಲ್ಲದೆ ಕತ್ತರಿ ಆಡಿಸಿದಳು. ದೊಡ್ಡ ಹೊಟ್ಟೆ, ತಲೆಗೆ ಟೊಪ್ಪಿ, ಚಿಮಿಣಿ ದೀಪವನ್ನು ಸೀಯಾಳದ ಹಾಗೆ ಎತ್ತಿ ಬಾಯಿಗಿಟ್ಟವನು. ಅವನ ಕಾಲಡಿಯಲ್ಲಿ ಕತ್ತರಿ ಹಿಡಿದ ಗುಬ್ಬಿಯಂಥ ಹೆಂಗಸು. ಬೆಳಿಗ್ಗೆ ಮಾಮಿಗೆ ತೋರಿಸಬೇಕೆಂದು ಪಕ್ಕಕ್ಕಿಟ್ಟಳು.

ಬೆಳಿಗ್ಗೆ ಹುಡುಕಿದರೆ ಅದು ಸಿಗಲಿಲ್ಲ. ಕತ್ತಲೆಯಲ್ಲಿ ಬೀಡಿ ಕಟ್ಟುಗಳ ಜೊತೆ ಬುಟ್ಟಿ ಸೇರಿರಬೇಕೆಂದು ಹೊಳೆದದ್ದು ಬೀಡಿ ಒಪ್ಪಿಸುವ ಡಿಪೋದಲ್ಲಿ, ಎಲ್ಲ ಹೆಂಗಸರ ಕಟ್ಟುಗಳನ್ನೂ ಒಂದೇ ರಾಶಿ ಸುರಿದ ಮೇಲೆ.

ಅಂದು ಧನಿ ಜಯಪಾಲನ ಕುರ್ಚಿಯಲ್ಲಿ ಎಕ್ಸೈಸ್ ಸಾಹೇಬರು ಕೂತಿದ್ದರು. ತೆರಿಗೆ ಕಟ್ಟದ ತಂಬಾಕಿನ ಮೂಟೆಗಳು ಒಳಕೋಣೆಯಲ್ಲಿದ್ದುದರಿಂದ ಧನಿ ನಿಂತೇ ಇದ್ದ. ರಾಶಿ ಕೆದಕಿದ ಸಾಹೇಬರ ಕೈಗೆ ಆ ಎಲೆ ಬಂತು. ಬೆಳಕಿಗೆ ಹಿಡಿದು ನೋಡಿದರು.

"ಸರ್ಕಾರಕ್ಕೆ ನಿಮ್ಮಲ್ಲಿ ಹೀಗಾ ಮರ್ಯಾದೆ ಮಾಡುದು? ಆ ಒಳಗಿನ ಕೋಣೆ ಸ್ವಲ್ಪ ತೆಗೆಸಿ, ನೋಡುವ."

ಜಯಪಾಲನ ಮುಖ ಬಿಳಿಚಿತು. ಹೆಂಗಸರ ಕಡೆ ತಿರುಗಿದ. "ಯಾವ ರಂಡೆಯ ಬುಟ್ಟಿಯಲ್ಲಿತ್ತು ಇದು? ಹೇಳದಿದ್ರೆ ನಾಳೆಯಿಂದ ಒಬ್ಬಳಿಗೂ ಎಲೆ ಇಲ್ಲ."

ಎಲೆ ಇಲ್ಲವೆಂದರೆ ಒಲೆ ಇಲ್ಲ. ಹವ್ವಮ್ಮ ತನ್ನ ಬುಟ್ಟಿಯನ್ನು ಕಾಲಿನ ಹಿಂದೆ ಸರಿಸಿದಳು. ಅಷ್ಟರಲ್ಲಿ ಸಾಹೇಬರೇ ನಕ್ಕರು.

"ಹೆಬ್ಬೆಟ್ಟು ಒತ್ತುವವರಿಗೆ ಬಜೆಟ್ ಎಂತ ಗೊತ್ತು ಮಾರಾಯ್ರೆ? ಪೇಪರ್ ಓದುವವ ಯಾರಿದ್ದಾನೆ ಇಲ್ಲಿ?"

ಮೂಲೆಯಲ್ಲಿ ಲೇಬಲ್ ಅಂಟಿಸುತ್ತಿದ್ದ ಫಿಲಿಪ್ ತಲೆ ಎತ್ತಿದ. ಚಿಮಿಣಿ ಎಣ್ಣೆಯ ಸುದ್ದಿಯನ್ನು ಹೆಂಗಸರಿಗೆ ಓದಿ ಹೇಳಿದವನು ಅವನೇ.

"ನಾನಲ್ಲ ಧನಿ. ನನಗೆ ಕತ್ತರಿ ಹಿಡೀಲಿಕ್ಕೇ ಬರುದಿಲ್ಲ."

"ಬೇವರ್ಸಿ, ನನ್ನ ಅನ್ನ ತಿಂದು ನನಗೇ ಗುಂಡಿ ತೋಡುದಾ? ತಿನ್ನು ಇದನ್ನು."

ಫಿಲಿಪ್ ಅಗಿದ. ಎಲೆ ಗಂಟಲಿಗೆ ಸಿಕ್ಕಿ ಕೆಮ್ಮಿದಾಗ ಧನಿ ಅಂಟಿನ ಡಬ್ಬಿಯನ್ನೇ ಅವನ ಬಾಯಿಗೆ ಹಿಡಿದ. ಹುಳ ಬೀಳದಂತೆ ಮೈಲುತುತ್ತಿನ ವಿಷ ಬೆರೆಸಿದ ಮೈದಾ ಅಂಟು ಅದು.

"ಕುಡಿ. ಇದಕ್ಕೆ ತೆರಿಗೆ ಇಲ್ಲ."

ಸಾಹೇಬರು ಚಾ ಮುಗಿಸಿ ಎದ್ದರು. ಒಳಕೋಣೆಯ ಮಾತು ಮತ್ತೆ ಬರಲಿಲ್ಲ. ಅಂಗಳದಲ್ಲಿ ಫಿಲಿಪ್ ಹಸಿರು ಹಸಿರು ಕಾರುತ್ತಿದ್ದ. ಹೆಂಗಸರು ಅವನನ್ನು ದಾಟಿ ತಮ್ಮ ತಮ್ಮ ಪಾಲಿನ ಎಲೆ ತೆಗೆದುಕೊಂಡರು.

"ಹವ್ವಮ್ಮ, ನಾಳೆಯಿಂದ ಲೇಬಲ್ ನೀನು ಅಂಟಿಸು," ಎಂದ ಧನಿ. "ನೀನು ಪಾಪದವಳು. ಬಾಯಿಲ್ಲದವಳು."

"ಹಗಲಿನ ಕೆಲಸವಾ?" ಸಂಜೆ ಬೀಫಾತಿಮ್ಮ ಎರಡೂ ಕೈ ಎತ್ತಿದಳು. "ಪಡೆಚ್ಚವ, ಆ ದೇವರು, ಕಣ್ಣು ಬಿಟ್ಟ."

ಕತ್ತಲಾಗುವಾಗ ಫಿಲಿಪನ ಹೆಂಡತಿ ಬಾಗಿಲಿಗೆ ಬಂದಳು. "ಅವರನ್ನು ಆಸ್ಪತ್ರೆಗೆ ಹಾಕಿದ್ದೇವೆ ಅಕ್ಕ. ಮಾತೇ ಹೊರಡುದಿಲ್ಲ. ಆ ಎಲೆಯ ಚಿತ್ರ ಮಾಡಿದವರು ಬಂದು ಒಂದು ಮಾತು ಹೇಳಿದ್ರೆ ಧನಿಗಳು ನಮ್ಮವರನ್ನು ತಿರುಗಿ ಕೆಲಸಕ್ಕೆ ಸೇರಿಸ್ತಾರೋ ಏನೋ. ನಿಮಗೆ ಎಂತಾದ್ರೂ ಗೊತ್ತುಂಟಾ?"

"ಇಲ್ಲಮ್ಮ," ಎಂದಳು ಹವ್ವಮ್ಮ. "ಕೂತುಕೊಳ್ಳಿ, ಸ್ವಲ್ಪ ನೀರಾದ್ರೂ ಕುಡೀರಿ."

ಅವಳು ಕೂರಲಿಲ್ಲ. ಅದೇ ಪ್ರಶ್ನೆ ಪಕ್ಕದ ಚಂಪಾಳ ಬಾಗಿಲಿಗೆ ಹೋಯಿತು, ಅಲ್ಲಿಂದ ಆಚೆಯ ಬಾಗಿಲಿಗೆ. ಅದು ಓಣಿಯ ತುದಿ ಮುಟ್ಟುವ ತನಕ ಹವ್ವಮ್ಮ ಹೊಸ್ತಿಲಲ್ಲಿ ಕಿವಿಗೊಟ್ಟು ನಿಂತಳು. ಹೇಳುವುದಿಲ್ಲ. ಮಾಮಿಗೂ ಇಲ್ಲ, ಯಾರಿಗೂ ಇಲ್ಲ. ನಿಶ್ಚಯ ಮಾಡಿ ಬಾಗಿಲು ಹಾಕಿಕೊಂಡಳು, ಗಂಜಿ ಬಡಿಸಿದಳು.