ಡಬ್ಬಿ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನೊಡನೆ ಮಾತಿಗೆ ನಿಂತವರಿಗೆಲ್ಲ ಮೊದಮೊದಲು ಒಂದು ಬಗೆಯ ಮುಜುಗರ ತಪ್ಪಿದ್ದಲ್ಲ, ಏಕೆಂದರೆ ಅವಳು ಯಾರ ಕಣ್ಣಿಗೂ ಕಣ್ಣಿಟ್ಟು ಮಾತನಾಡುವವಳಲ್ಲ. ಅವಳ ದೃಷ್ಟಿ ನಿಮ್ಮ ಹುಬ್ಬಿನ ತುದಿಯಲ್ಲಿ ಒಂದು ಕ್ಷಣ ಕೂತು, ಮೂಗಿನ ಏಣು ಹಿಡಿದು ಕೆಳಗಿಳಿದು, ಕೆನ್ನೆಯ ಮೇಲೆ ಅಡ್ಡಾಡಿ, ಕಿವಿಯ ಹಾಲೆಯ ಬಳಿ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ನೀವು ಎಂಥ ಗಂಭೀರವಾದ ಸುದ್ದಿಯನ್ನೇ ಹೇಳುತ್ತಿದ್ದರೂ ಸರಿ, ಅವಳು ನಿಮ್ಮ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, "ಒಂದ್ನಿಮಿಷ, ಸ್ವಲ್ಪ ಬೆಳಕಿಗೆ ಬಾ" ಎಂದುಬಿಡುತ್ತಾಳೆ. ನಮ್ಮ ತಂದೆ ತಮ್ಮ ವರ್ಗಾವಣೆಯ ಸಂಕಟವನ್ನು ತೋಡಿಕೊಳ್ಳುತ್ತಿದ್ದ ಸಂಜೆ ಅವಳು ಹಾಗೆಂದು ಅವರನ್ನು ಕಿಟಕಿಯ ಬಳಿಗೆ ಕರೆದೊಯ್ದು, "ಭಾವಾ, ನಿಮಗೆ ಮೀಸೆ ಒಂದೆಳೆ ಸಣ್ಣ ಆಗ್ಬೇಕಿತ್ತು" ಎಂದಿದ್ದು ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆ.

ಅವಳ ಉದ್ಯೋಗ ಕನ್ನಡಕದ ಅಂಗಡಿಯಲ್ಲಿ. ಬಂದವರ ಮುಖಕ್ಕೆ ಒಪ್ಪುವ ಫ್ರೇಮನ್ನು ಆರಿಸಿ, ಅದರ ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿ, ಕಿವಿಯ ಹಿಂದೆ ನೋಯದಂತೆ ಕೂರಿಸುವುದು ಅವಳ ಕೆಲಸ. ಮೊಣಕಾಲು ಮುಟ್ಟುವ ಬೂದು ಬಣ್ಣದ ಕೋಟೊಂದನ್ನು ಅಂಗಡಿಯ ಮಾಲೀಕರು ಕೊಟ್ಟಿದ್ದರು. ಅದರ ಬಲಜೇಬು ಅಂಗಡಿಗೆ, ಎಡಜೇಬು ತನಗೆ ಎಂದು ಅವಳು ತಾನೇ ವಿಭಾಗಪತ್ರ ಮಾಡಿಕೊಂಡಿದ್ದಳು. ಬಲಜೇಬಿನಲ್ಲಿ ಸಣ್ಣ ಸ್ಕ್ರೂಗಳು, ಮೂಗಿನ ಮೇಲೆ ಕೂರುವ ಮೆತ್ತನೆಯ ಚೂರುಗಳು, ಎಳ್ಳಿನಷ್ಟು ಮೊನೆಯ ಸ್ಕ್ರೂಡ್ರೈವರು. ಎಡಜೇಬಿನಲ್ಲಿ ಏನಿರುತ್ತದೆಂದು ಬ್ರಹ್ಮನಿಗೂ ಗೊತ್ತಿರಲಿಕ್ಕಿಲ್ಲ. ಹೊಸ ಫ್ರೇಮಿನೊಡನೆ ತೋರಿಕೆಗೆಂದು ಒಂದು ಜೊತೆ ಪ್ಲಾಸ್ಟಿಕ್ಕಿನ ಗಾಜು ಬರುತ್ತದೆ. ನಿಜವಾದ ಗಾಜು ಕೂರಿಸಿದ ಮೇಲೆ ಅದು ಕಸದ ಬುಟ್ಟಿಗೆ. ಆ ಬುಟ್ಟಿಗೆ ಹೋಗಬೇಕಾದದ್ದೆಲ್ಲ ಅವಳ ಎಡಜೇಬಿಗೆ ಹೋಗುತ್ತಿತ್ತು. ಮನೆಯಲ್ಲಿ ಅವುಗಳನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ, ಕಾಯಿಸಿದ ಸೂಜಿಯಿಂದ ತೂತು ಕೊರೆದು, ಉಗುರಿಗೆ ಹಚ್ಚುವ ಬಣ್ಣವನ್ನು ಒಳಮೈಗೆ ತೆಳ್ಳಗೆ ಬಳಿದು ಅವಳು ಮಾಡುತ್ತಿದ್ದ ಓಲೆಗಳನ್ನು ನಾನು ಕಾಲೇಜಿಗೆ ಹಾಕಿಕೊಂಡು ಹೋದಾಗ ಗೆಳತಿಯರು ಯಾವ ಅಂಗಡಿಯದೆಂದು ಕೇಳುತ್ತಿದ್ದರು. ನಾನು "ಕನ್ನಡಕದ ಅಂಗಡಿಯದು" ಎಂದು ನಿಜ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಅವಳೊಡನೆ ಪೇಟೆಗೆ ಹೋಗುವುದೆಂದರೆ ಕೆಟ್ಟ ಬಸ್ಸಿನಲ್ಲಿ ಪ್ರಯಾಣ ಮಾಡಿದ ಹಾಗೆ: ಓಡಿದರೆ ಓಡಿತು, ನಿಂತರೆ ನಿಂತಿತು. ಏನೋ ಹೊತ್ತು ಮೀರಿದವಳಂತೆ ಪುಟುಪುಟು ಹೆಜ್ಜೆ ಹಾಕುತ್ತಿದ್ದವಳು ಥಟ್ಟನೆ ನಿಂತರೆ ಹಿಂದೆ ಬರುತ್ತಿದ್ದವರು ಬೆನ್ನಿಗೆ ಡಿಕ್ಕಿ ಹೊಡೆಯುವುದೇ. ದೊಡ್ಡ ರಸ್ತೆಯ ಹಿಂಬದಿಗೆ, ಸಗಟು ವ್ಯಾಪಾರದ ಓಣಿಯಲ್ಲಿ, ಬಾಚಣಿಗೆ, ಪಿನ್ನು, ಪೌಡರು, ತುಟಿಯ ಬಣ್ಣಗಳನ್ನು ಗುಡ್ಡೆ ಹಾಕಿ ಮಾರುವ ಒಂದು ಅಂಗಡಿ ಅವಳ ಪಾಲಿನ ತೀರ್ಥಕ್ಷೇತ್ರವಾಗಿತ್ತು. ದುಬಾರಿ ಡಬ್ಬಿಯೊಳಗಿನ ವಸ್ತುವೇ ಅಗ್ಗದ ಡಬ್ಬಿಯಲ್ಲೂ ಅಡಗಿ ಕೂತಿರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ ಎಂಬುದು ಅವಳ ಅಚಲವಾದ ಶ್ರದ್ಧೆ. ಪ್ರತಿಯೊಂದು ಬಣ್ಣವನ್ನೂ ಎಡಗೈಯ ಒಳಭಾಗಕ್ಕೆ ಒಂದೊಂದು ಗೆರೆ ಎಳೆದು, ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ತಿರುಗಿಸಿ ನೋಡುತ್ತಿದ್ದಳು. ಒಂದು ದಿನ ಮಣಿಕಟ್ಟಿನಿಂದ ಮೊಣಕೈವರೆಗೆ ಗುಲಾಬಿ, ಇಟ್ಟಿಗೆ, ನೇರಳೆ ಬಣ್ಣದ ಪಟ್ಟೆಗಳು ಮೂಡಿದಾಗ ಅಂಗಡಿಯವನ ಸಹನೆ ಮೀರಿತು.

"ಮೇಡಂ, ತಗೊಳ್ಳೋದು ಒಂದು, ಹಚ್ಚಿ ನೋಡೋದು ಹತ್ತು. ಇದು ನ್ಯಾಯಾನಾ?"

"ಮದುವೆ ಆಗೋದೂ ಒಂದೇ ಗಂಡನ್ನ, ನೋಡೋದು ಹತ್ತು ಗಂಡುಗಳನ್ನ. ಅದಕ್ಕಿಲ್ಲದ ನ್ಯಾಯ ಇದಕ್ಯಾಕಪ್ಪ?" ಎಂದು ಚಿಕ್ಕಮ್ಮ ಇನ್ನೊಂದು ಗೆರೆ ಎಳೆದುಕೊಂಡು, "ನಾನಂತೂ ಅಲ್ಲೂ ನೋಡಿ ಸುಮ್ಮನಾದವಳು" ಎಂದಳು. ಮದುವೆಯಾಗದೆ ಉಳಿದದ್ದರ ಬಗ್ಗೆ ಅವಳು ಆಡಿದ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅಂಗಡಿಯವನು ನಕ್ಕು, ಅಂದಿನಿಂದ ಅವಳಿಗೊಂದು ಸ್ಟೂಲು ಹಾಕಿಕೊಡತೊಡಗಿದ.

ಅವಳು ಬಾಡಿಗೆಗಿದ್ದ ಮಹಡಿಯ ಕೋಣೆಯಲ್ಲಿ ಮಂಚಕ್ಕಿಂತ ಮೇಜು ದೊಡ್ಡದು. ಮೇಜಿನ ಮೇಲೆ ಒಂದು ಕರೆಂಟಿನ ಒಲೆ, ಜೇನುಮೇಣದ ಉಂಡೆ, ಎಣ್ಣೆಯ ಸೀಸೆಗಳು. ಗೋಡೆಗುಂಟ ಚಪ್ಪಲಿಯ ಪೆಟ್ಟಿಗೆಗಳಲ್ಲಿ ಖಾಲಿ ಡಬ್ಬಿಗಳು. ಕೆಮ್ಮಿನ ಗುಳಿಗೆಯ ಡಬ್ಬಿ, ನೋವಿನ ಮುಲಾಮಿನ ಡಬ್ಬಿ, ಯಾರು ಎಸೆದರೂ ಅದು ಇಲ್ಲಿ ಪುನರ್ಜನ್ಮ ಪಡೆದು, ಮುಚ್ಚಳದ ಮೇಲೆ ಬಣ್ಣದ ಕಾಗದ ಅಂಟಿಸಿಕೊಂಡು, ಒಳಗೆ ತುಟಿಯ ಮುಲಾಮನ್ನೋ ಕಾಲಿನ ಒಡಕಿನ ಮುಲಾಮನ್ನೋ ತುಂಬಿಕೊಂಡು ಮತ್ತೆ ಲೋಕಕ್ಕೆ ಹೊರಡುತ್ತಿತ್ತು. ನಾವು ಮಕ್ಕಳು ಅವಳನ್ನು ಡಬ್ಬಿ ಚಿಕ್ಕಮ್ಮ ಎಂದು ಕರೆದದ್ದು ಹೀಗೆ. ಅವಳಿಗೂ ಅದು ಬಿರುದಿನಂತೆ ಇಷ್ಟವಾಗಿತ್ತು. ಎಲ್ಲವೂ ಚೆನ್ನಾಗಿ ಬರುತ್ತಿತ್ತೆಂದು ಹೇಳಿದರೆ ನನ್ನ ನಾಲಿಗೆ ಸುಟ್ಟೀತು. ಅವಳ ಮೊದಲ ಸೋಪು ನೊರೆ ಬಿಡುವುದಿಲ್ಲವೆಂದು ಪಣ ತೊಟ್ಟಂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಅವಳು ಅದಕ್ಕೆ ರಿಬ್ಬನ್ನು ಕಟ್ಟಿ ಮನೆಮನೆಗೆ ಹಂಚಿದಳು. ನಮ್ಮ ತಂದೆ ಕೆಲವು ದಿನ ಮೈಗೆ ಉಜ್ಜಿಕೊಂಡು ನೋಡಿ, ಕೊನೆಗೆ, "ಇದು ತುಂಬಾ ಗಟ್ಟಿಮುಟ್ಟಾದ ಸೋಪು ಕಣಮ್ಮ, ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಟ್ಟಿದೀನಿ" ಎಂದರು.

ಈ ಡಬ್ಬಿಗಳ ದಿಗ್ವಿಜಯ ನಿಂತುಹೋಗುತ್ತಿದ್ದ ಹೊಸ್ತಿಲು ಒಂದೇ, ಅದು ನಮ್ಮ ಅಮ್ಮನದು. ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ, ಮುಂದೆ ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯಾದವಳು. ಅವಳ ಚಪ್ಪಲಿಯ ಸದ್ದು ಕೇಳಿದರೆ ಇಡೀ ಪಡಸಾಲೆ ಉಸಿರು ಬಿಗಿಹಿಡಿಯುತ್ತಿತ್ತು. ನಮ್ಮ ಮನೆಯ ಕನ್ನಡಿ ಅಂಗೈಯಗಲ. ಅದು ಇದ್ದದ್ದು ಬೈತಲೆ ನೇರವಾಗಿದೆಯೇ ಎಂದು ನೋಡಿಕೊಳ್ಳಲು. "ಮುಖ ಇರೋದು ತೊಳೆಯೋದಕ್ಕೆ" ಎಂಬುದು ಅವಳ ಸೌಂದರ್ಯಮೀಮಾಂಸೆಯ ಆದಿ ಮತ್ತು ಅಂತ್ಯ. ತಂಗಿ ತಂದುಕೊಟ್ಟ ಡಬ್ಬಿಗಳನ್ನು ಅವಳು ಬೇಡವೆನ್ನುತ್ತಿರಲಿಲ್ಲ, ಕಪಾಟಿನಲ್ಲಿ ಸಾಲಾಗಿ ಇಡುತ್ತಿದ್ದಳು, ಆದರೆ ಒಂದರ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ.

ಚಿಕ್ಕಮ್ಮನಿಗೆ ಇದು ಮುಳ್ಳು ಮುರಿದಂಥ ನೋವು. ಹುಟ್ಟಿದ ಕೆಲವೇ ತಿಂಗಳಿಗೆ ತಾಯಿಯನ್ನು ಕಳೆದುಕೊಂಡ ಅವಳನ್ನು ಎರೆದು, ಒರೆಸಿ, ಜಡೆ ಹಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ. ಆ ಭರದಲ್ಲಿ ಅಕ್ಕ ತನ್ನ ಮುಖವನ್ನು ತಾನು ನೋಡಿಕೊಳ್ಳುವ ವಯಸ್ಸು ಹೇಗೋ ಕಳೆದುಹೋಗಿತ್ತು. "ನನ್ನ ಕೈಯಾರೆ ಒಂದೇ ಒಂದು ಸಲ ಅಕ್ಕನ್ನ ಚೆಂದ ಮಾಡ್ಬೇಕು ಕಣೇ. ಊರೋರಿಗೆಲ್ಲ ಮಾಡಿ ಏನು ಬಂತು?" ಎಂದು ಅವಳು ನನ್ನೊಡನೆ ಎಷ್ಟೋ ಸಲ ಅಂದದ್ದುಂಟು. ಅವಳ ಒಲೆ, ಮೇಣ, ಓಣಿಯ ಅಲೆದಾಟ ಎಲ್ಲವೂ ಆ ಒಂದು ದಿನಕ್ಕಾಗಿ ನಡೆಸಿದ ಪೂರ್ವತಯಾರಿಯೆಂದು ನನಗೆ ಅನಿಸುತ್ತಿತ್ತು.

ಆ ದಿನ ಬಂದದ್ದು ಅಮ್ಮನ ನಿವೃತ್ತಿಯ ಸಮಯಕ್ಕೆ. ಹಿಂದಿನ ಮುಖ್ಯೋಪಾಧ್ಯಾಯಿನಿಯರ ಭಾವಚಿತ್ರಗಳ ಸಾಲಿನಲ್ಲಿ ಇನ್ನು ಅವಳದೂ ತೂಗಬೇಕು. ಬೀಳ್ಕೊಡುಗೆಯ ದಿನವೇ ಫೋಟೋ. ಅಮ್ಮ ತಾನಾಗಿಯೇ ತಂಗಿಯ ಎದುರು ಬಂದು ಕೂತು, ಸೀರೆಯ ಸೆರಗಿನ ದಾರ ಕೀಳುತ್ತ, "ಆ ಗೋಡೆ ಮೇಲೆ ನಾನೊಬ್ಬಳೇ ಜ್ವರದಿಂದ ಎದ್ದವಳ ಥರ ಕಾಣಬಾರದು ನೋಡು. ಏನಾದ್ರೂ ಇದ್ರೆ ಹಚ್ಚು" ಎಂದಳು. ಚಿಕ್ಕಮ್ಮ ಅಕ್ಕನ ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದಳು.

ಆಮೇಲಿನ ದಿನಗಳಲ್ಲಿ ಅವಳು ಮಾಡಿದ್ದು ತಪಸ್ಸು. ತುಟಿಗೂ ಕೆನ್ನೆಗೂ ಆಗುವಂಥ, ಹಚ್ಚಿದೆಯೆಂದು ಯಾರಿಗೂ ತಿಳಿಯದಂಥ ಒಂದು ಕೆಂಪನ್ನು ಅವಳು ಹುಡುಕುತ್ತಿದ್ದಳು. ಒಂದು ಸಲ ತೀರಾ ಗಾಢವಾಯಿತು, ಇನ್ನೊಂದು ಸಲ ಸಪ್ಪೆಯಾಯಿತು. ಕಡೆಗೆ ಕೆನ್ನೆಗೆ ಒಳಗಿಂದಲೇ ಕಳೆ ಬರಲೆಂದು ದಾಲ್ಚಿನ್ನಿಯ ಎಣ್ಣೆಯನ್ನು ನಾಲ್ಕು ಹನಿ ಬೆರೆಸಿದಳು. ತನ್ನ ಮೈಮೇಲೆ ಪರೀಕ್ಷಿಸದೆ ಇನ್ನೊಬ್ಬರಿಗೆ ಏನನ್ನೂ ಕೊಡಬಾರದೆಂಬುದು ಅವಳ ವ್ರತ. ಎಡಗೈಗೆ ಹಚ್ಚಿಕೊಂಡು ಮಲಗಿದಳು, ಎದ್ದು ನೋಡಿದಳು, ಮತ್ತೆ ಹಚ್ಚಿದಳು. ಒಂದಿಷ್ಟೂ ಉರಿಯಿಲ್ಲ, ತುರಿಯಿಲ್ಲ. ವರ್ಷಗಟ್ಟಲೆ ಸಿಕ್ಕಸಿಕ್ಕದ್ದನ್ನೆಲ್ಲ ಬಳಿಸಿಕೊಂಡು ಆ ತೋಳು ಎಮ್ಮೆಯ ಚರ್ಮದಂತೆ ದಡ್ಡುಗಟ್ಟಿ ಹೋಗಿದೆ, ಅದರ ಸಾಕ್ಷ್ಯವನ್ನು ಇನ್ನು ನಂಬಬಾರದು ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಸಮಾರಂಭಕ್ಕೆ ಹೊರಡುವ ಮುನ್ನ ಅಮ್ಮ ನಿಜಕ್ಕೂ ಚೆಂದ ಕಂಡಳು. ತಂದೆಯವರು ಕೊಡೆ ಹುಡುಕುವ ನೆಪದಲ್ಲಿ ಕೋಣೆಗೆ ಬಂದು ಬಂದು ಹೋದರು. ಆದರೆ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಅವಳ ಕೆನ್ನೆ ಕೆಂಡವಾಗಿತ್ತು, ತುಟಿ ಊದತೊಡಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಚಿಕ್ಕಮ್ಮ ಮೊದಲು ಗುರುತಿಸಿದಳು. "ಅಯ್ಯೋ, ಅಕ್ಕನ ಮುಖ..." ಎಂದು ನನ್ನ ಕೈ ಹಿಂಡಿದಳು. ಅಮ್ಮ ಏಳಲಿಲ್ಲ. ಒಂದು ಪೀರಿಯಡ್ಡನ್ನೂ ತಪ್ಪಿಸದವಳು ಇದನ್ನು ತಪ್ಪಿಸುವುದುಂಟೇ? ತೊದಲುತ್ತಲೇ ಎರಡು ಮಾತು ಆಡಿ, ಫೋಟೋಗೆ ನೆಟ್ಟಗೆ ನಿಂತಳು. ಸಭೆಯಲ್ಲಿ ಗುಸುಗುಸು ಎದ್ದಿತು. ಹೆಡ್‌ಮಿಸ್ ಅಳುತ್ತಿದ್ದಾರೆ! ಅವಳ ನೆರಳಿಗೂ ಹೆದರುತ್ತಿದ್ದ ಹುಡುಗಿಯರು ಒಬ್ಬರನ್ನು ನೋಡಿ ಒಬ್ಬರು ಬಿಕ್ಕತೊಡಗಿದರು, ಅವರನ್ನು ನೋಡಿ ಟೀಚರುಗಳು, ಟೀಚರುಗಳನ್ನು ನೋಡಿ ಗಂಟೆ ಹೊಡೆಯುವ ಮುದುಕ. ಚಿಕ್ಕಮ್ಮ ಇದಾವುದನ್ನೂ ನೋಡಲು ನಿಲ್ಲದೆ ಹೊರಟುಹೋಗಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನ ನಾನು ಹೋಗುವಷ್ಟರಲ್ಲಿ ಅವಳ ಮೇಜು ಖಾಲಿ. ಡಬ್ಬಿಗಳೆಲ್ಲ ಗೋಣಿಚೀಲದಲ್ಲಿ, ಚೀಲ ಮಂಚದ ಕೆಳಗೆ. ಅಮ್ಮನ ಮುಖ ಡಾಕ್ಟರ ಔಷಧಕ್ಕೆ ಬೇಗನೆ ಇಳಿಯಿತು, ಚಿಕ್ಕಮ್ಮನ ಮುಖ ಇಳಿದದ್ದು ಏರಲಿಲ್ಲ. ಮನೆಗೆ ಬರುವುದನ್ನು ಬಿಟ್ಟಳು. ಅಂಗಡಿಯಲ್ಲಿ ಗಿರಾಕಿ ಕೇಳಿದ ಫ್ರೇಮನ್ನು ತುಟಿ ಪಿಟಕ್ಕೆನ್ನದೆ ಕೊಟ್ಟು ಕಳಿಸುತ್ತಿದ್ದಳು. ಒಂದು ದಿನ ನಾನೇ ಹೋಗಿ ಎದುರು ನಿಂತಾಗ ನನ್ನ ಕಣ್ಣಿಗೆ ಕಣ್ಣಿಟ್ಟು, "ಚೆನ್ನಾಗಿದೀಯಾ?" ಎಂದು ಎಲ್ಲರಂತೆ ಕೇಳಿದಳು. ನನಗೆ ಅಳು ಬಂತು.

ಅದನ್ನು ನಾನು ಮನೆಯಲ್ಲಿ ಹೇಳಿದ ಮರುಸಂಜೆ ಅಮ್ಮ ನನ್ನನ್ನೂ ಕರೆದುಕೊಂಡು ಆ ಮಹಡಿ ಹತ್ತಿದಳು. ಮಂಚದ ಕೆಳಗಿನ ಚೀಲವನ್ನು ತಾನೇ ಎಳೆದು ಮೇಜಿನ ಮೇಲೆ ಸುರುವಿದಳು.

"ಲೆಕ್ಕ ತಪ್ಪಿದ್ರೆ ಒರೆಸಿ ಮತ್ತೆ ಮಾಡ್ತಾರೆ. ಸ್ಲೇಟನ್ನೇ ಮಂಚದ ಕೆಳಗೆ ಹಾಕಿ ಕೂರ್ತಾರೇನೆ?"

"ನಿನ್ನ ದಿನಾನ ಹಾಳು ಮಾಡಿದೆ ಅಕ್ಕಾ. ಆ ಫೋಟೋ ಇನ್ನು ಗೋಡೆ ಮೇಲೆ ಹಾಗೇ ಇರುತ್ತೆ."

"ಇರಲಿ ಬಿಡು." ಅಮ್ಮ ಉರುಳಿದ ಒಂದು ಡಬ್ಬಿಯನ್ನು ಎತ್ತಿ ನೆಟ್ಟಗಿಟ್ಟಳು. "ಕೇಳಿಲ್ಲಿ. ಇಷ್ಟು ವರ್ಷ ನನ್ನ ಕಂಡ್ರೆ ಓಡಿಹೋಗ್ತಿದ್ದ ಮಕ್ಕಳು ಅವತ್ತು ಬಂದು ತಬ್ಬಿಕೊಂಡ್ರು. ಮುದುಕ ನನ್ನ ಕೈ ಹಿಡ್ಕೊಂಡ. ನಾನು ಅಳ್ತಿಲ್ಲ, ಇದು ತುಟಿಗೆ ಹಚ್ಚಿದ್ದು ಅಂತ ಹೇಳೋಣ ಅಂತಲೇ ಇದ್ದೆ. ಹೇಳೋಕೆ ಮನಸ್ಸು ಬರಲಿಲ್ಲ ಕಣೇ. ಆಮೇಲೆ ನಿಜವಾಗ್ಲೂ ಅಳು ಬಂತು."

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ, ಬಹುಶಃ ಎರಡೂ ಇದ್ದವು. ಅಮ್ಮ ತನ್ನ ರವಿಕೆಯ ತೋಳನ್ನು ಮೇಲೆ ಸರಿಸಿ, ಒಮ್ಮೆಯೂ ಬಣ್ಣ ಕಾಣದ ಆ ಬೆಳ್ಳನೆಯ ಮುಂಗೈಯನ್ನು ತಂಗಿಯ ಮುಂದೆ ಚಾಚಿದಳು. "ನಿನ್ನ ಕೈಗೆ ಬುದ್ಧಿ ಹೋಗಿದೆ. ಇನ್ಮೇಲೆ ನನ್ನ ಕೈಮೇಲೆ ಹಚ್ಚಿ ನೋಡು. ನಂಗೆ ಒಗ್ಗಿದ್ದು ಊರಿಗೆಲ್ಲ ಒಗ್ಗುತ್ತೆ."

ಅಗ್ಗದ ಡಬ್ಬಿಗಳನ್ನು ಕೂಡಿಡುವ, ಎಸೆದ ಚೂರುಗಳಲ್ಲಿ ಓಲೆಯನ್ನು ಕಾಣುವ ಇಂಥವರನ್ನು ನಾವು ಹವ್ಯಾಸಿಗಳೆಂದು ಹಗುರವಾಗಿ ಕರೆಯುತ್ತೇವೆ. ಅವರು ಮಾಡಿದ್ದು ಬಾಳಿಕೆ ಬರುವುದಿಲ್ಲವೆಂಬುದೂ ನಿಜ, ತುಟಿಯ ಬಣ್ಣ ಒಂದು ಊಟಕ್ಕೆ ಹೋಗುತ್ತದೆ, ಓಲೆಯ ಕೊಂಡಿ ಒಂದು ಚಳಿಗಾಲಕ್ಕೆ ಕಳಚುತ್ತದೆ. ಆದರೆ ಅವರು ಕೊಡುವುದು ಅದನ್ನಲ್ಲವೆಂದು ನನಗೀಗ ಅನಿಸುತ್ತದೆ. ಬದುಕಿನಲ್ಲಿ ನಮಗೆ ಉಣ್ಣಿಸಿದವರು, ಓದಿಸಿದವರು, ಬೈದು ತಿದ್ದಿದವರು ಅನೇಕರಿರುತ್ತಾರೆ. ಎಲ್ಲ ಕೆಲಸ ಬದಿಗಿಟ್ಟು, ಪುರುಸೊತ್ತಾಗಿ ನಮ್ಮ ಮುಖವನ್ನು ನೋಡುತ್ತ ಕೂತವರು ಒಬ್ಬರೋ ಇಬ್ಬರೋ. ನಮ್ಮ ಅಮ್ಮ ಆ ಒಬ್ಬಳಿಗೆ ತನ್ನ ಮುಖವನ್ನು ಒಪ್ಪಿಸಲು ಅರವತ್ತು ವರ್ಷ ತೆಗೆದುಕೊಂಡಳು, ಒಪ್ಪಿಸಿದ ಮೇಲೆ ತುಟಿ ಊದಿದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.